ನಮ್ಮ ಹಿತ್ತಲಿಗೆ ಬಂದ ಕಳೆಗಳ ಚರಿತ್ರೆ



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳ ಯಾವ ಹಳ್ಳಿಗೇ ಹೋಗಲಿ, ಮುಂಗಾರು ನಾಲ್ಕು ಹನಿ ಬಿದ್ದ ಮೇಲೆ ಎಲ್ಲ ಮನೆಯಲ್ಲೂ ಒಂದೇ ಮಾತು ಕೇಳಿಬರುತ್ತದೆ. "ಮೊನ್ನೆ ತಾನೇ ಕಿತ್ತು ಹಾಕಿದ್ದೆ, ನೋಡು, ಆಗಲೇ ಮತ್ತೆ ತಲೆ ಎತ್ತೈತೆ." ಹಿತ್ತಲು, ಅಂಗಳ, ಕೊಟ್ಟಿಗೆಯ ಮಗ್ಗುಲು, ತಿಪ್ಪೆಯ ಸುತ್ತ, ಬಣವೆಯ ಬುಡ, ಕಣದ ಅಂಚು, ಹೊಲದ ಬದು, ಎಲ್ಲಿ ನೋಡಿದರೂ ಕಳೆ. ಹೊಲದ ಕಳೆ ತೆಗೆಯುವುದಕ್ಕೆ ಆಳು ಕರೆಯುತ್ತೇವೆ, ಕೂಲಿ ಕೊಡುತ್ತೇವೆ, ಖರ್ಚಿನಲ್ಲಿ ಬರೆದಿಡುತ್ತೇವೆ. ಹಿತ್ತಲ ಕಳೆಗೆ ಕೂಲಿಯೂ ಇಲ್ಲ, ಲೆಕ್ಕವೂ ಇಲ್ಲ. ಅದು ಮನೆಯ ಹೆಣ್ಣುಮಕ್ಕಳ ಬೆನ್ನಿಗೆ ಬಿದ್ದ ಕೆಲಸ. ಬೆಳಗ್ಗೆ ಕಸ ಗುಡಿಸುವಾಗ ನಾಲ್ಕು ಗಿಡ, ಸಂಜೆ ಹಾಲು ಕರೆದು ಬರುವಾಗ ನಾಲ್ಕು ಗಿಡ, ಹೀಗೆ ವರ್ಷವೆಲ್ಲ ಕಿತ್ತರೂ ಅದು ಮುಗಿಯುವುದಿಲ್ಲ.

ಏಕೆ ಮುಗಿಯುವುದಿಲ್ಲ? ಹಿಂದಿನವರ ಹಿತ್ತಲಲ್ಲಿಯೂ ಇಷ್ಟೇ ಕಳೆ ಇತ್ತೆ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಸ್ವಲ್ಪ ಚರಿತ್ರೆಯನ್ನು ನೋಡಬೇಕಾಗುತ್ತದೆ. ದುರ್ಗದ ಪಾಳೆಯಗಾರರ ಚರಿತ್ರೆ ನಮ್ಮ ಮಕ್ಕಳಿಗೂ ಬಾಯಿಪಾಠ. ಆದರೆ ನಮ್ಮ ಅಂಗಳದಲ್ಲಿ ನಿಂತಿರುವ ಕಳೆಗೂ ಒಂದು ಚರಿತ್ರೆ ಇದೆ. ಅದೂ ಒಂದು ದಾಳಿಯ ಕತೆಯೇ. ಆ ಕತೆ ತಿಳಿದರೆ ಕೈಕೆಲಸ ಅರ್ಧ ಹಗುರವಾಗುತ್ತದೆ ಎಂಬುದು ಈ ದಿನದ ಮಾತಿನ ಸಾರ.

ಮೊದಲು ಹಳೆಯ ಕಳೆಗಳನ್ನು ನೆನೆಯೋಣ. ಗರಿಕೆ, ಅಣ್ಣೆಸೊಪ್ಪು, ಗೋಣಿಸೊಪ್ಪು, ಕಿರಕಸಾಲೆ, ಹೊನಗೊನೆ, ಕೊಮ್ಮೆ, ತುಂಬೆ, ಉತ್ತರಾಣಿ, ನೆಗ್ಗಿಲು. ಇವು ನಮ್ಮ ಹಿರಿಯರ ಕಾಲದಿಂದಲೂ ಹೊಲದಲ್ಲಿ, ಹಿತ್ತಲಲ್ಲಿ ಇದ್ದವು. ಇವುಗಳಿಂದಲೂ ತೊಂದರೆ ಇತ್ತು. ರಾಗಿಯ ಸಾಲಿನಲ್ಲಿ ಅಣ್ಣೆ ಮೇಲೆದ್ದರೆ ತೆನೆ ಸಣ್ಣದಾಗುತ್ತಿತ್ತು. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಈ ಹಳೆಯ ಕಳೆಗಳಲ್ಲಿ ಹೆಚ್ಚಿನವಕ್ಕೆ ತಿನ್ನುವ ಒಂದು ಬಾಯಿ ಇತ್ತು. ಗರಿಕೆಯನ್ನು ದನ ತಿನ್ನುತ್ತಿತ್ತು. ಅಣ್ಣೆ, ಗೋಣಿ, ಕಿರಕಸಾಲೆ, ಹೊನಗೊನೆಗಳನ್ನು ಹೆಣ್ಣುಮಕ್ಕಳು ಮಡಿಲು ತುಂಬಾ ಕಿತ್ತು ತಂದು ಬೆರಕೆ ಸೊಪ್ಪಿನ ಸಾರು ಮಾಡುತ್ತಿದ್ದರು. ಮುದ್ದೆಗೆ ಅದಕ್ಕಿಂತ ಒಳ್ಳೆಯ ಜೊತೆ ಇಲ್ಲ. ತುಂಬೆ, ಉತ್ತರಾಣಿ ಪೂಜೆಗೂ ಮದ್ದಿಗೂ ಹೋಗುತ್ತಿದ್ದವು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇದ್ದರೂ ಮನೆಯವರು ಹಿತ್ತಲನ್ನು ಬಿಟ್ಟಿರಲಿಲ್ಲ. ಅಂದರೆ ಕಳೆ ಕೀಳುವುದು ಬರೀ ದಂಡದ ಕೆಲಸವಾಗಿರಲಿಲ್ಲ. ಕಿತ್ತ ಕೈಗೆ ಏನಾದರೂ ಸಿಗುತ್ತಿತ್ತು.

ಹೊಲದ ಕಳೆಗೆ ಎತ್ತಿನ ಬಲವೂ ಇತ್ತು. ಟಿಪ್ಪು ಸುಲ್ತಾನನ ಕಾಲ ಮುಗಿದ ಮೇಲೆ, 1800–1801ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರಕಾರದ ಅಪ್ಪಣೆಯ ಮೇರೆಗೆ ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ಹಿಂದಿರುಗುವಾಗ ನಗರ, ಹರಿಹರದ ಕಡೆಯಿಂದ ಚಿತ್ರದುರ್ಗಕ್ಕೆ ಬಂದು ಹಿರಿಯೂರಿನ ಮೇಲೆ ಹಾದುಹೋದ. 1807ರಲ್ಲಿ ಅಚ್ಚಾದ ಅವನ ಪ್ರವಾಸದ ಮೂರು ಸಂಪುಟಗಳಲ್ಲಿ ನಮ್ಮ ಸೀಮೆಯ ಕೂರಿಗೆ, ಕುಂಟೆಗಳ ವಿವರ ಇದೆ. ಕೂರಿಗೆಯಿಂದ ಸಾಲು ಹಿಡಿದು ಬಿತ್ತುವುದು, ಸಾಲಿನ ನಡುವೆ ಎಡೆಕುಂಟೆ ಹೊಡೆದು ಕಳೆಯನ್ನು ಬುಡದಲ್ಲಿಯೇ ಕತ್ತರಿಸುವುದು, ಉಳಿದದ್ದನ್ನು ಕೈಯಿಂದ ಕೀಳುವುದು. ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಈ ಅಕ್ಕಡಿಯ ಮರ್ಮವನ್ನು ಯೋಚಿಸಿ ನೋಡಿ. ರಾಗಿ ಕೊಯ್ದ ಮೇಲೂ ಅವರೆ, ತೊಗರಿ ನೆಲವನ್ನು ಬಿಟ್ಟುಕೊಡುತ್ತಿರಲಿಲ್ಲ. ನೆಲ ಖಾಲಿ ಇದ್ದರೆ ಅದನ್ನು ಕಳೆ ಹಿಡಿಯುತ್ತದೆ ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು.

ಹೀಗೆ ತಿನ್ನುವ ಬಾಯಿ, ನೆಲ ತುಂಬುವ ಬೆಳೆ ಇವೆರಡರ ನಡುವೆ ಹಳೆಯ ಕಳೆ ಒಂದು ಅಂಕೆಯಲ್ಲಿತ್ತು. ಅಂಕೆ ತಪ್ಪಿದ್ದು ಸಮುದ್ರದಾಚೆಯ ಗಿಡಗಳು ಬಂದ ಮೇಲೆ. ಅವುಗಳಲ್ಲಿ ನಮ್ಮ ಸೀಮೆಗೆ ಮೊದಲು ದೊಡ್ಡ ಪೆಟ್ಟು ಕೊಟ್ಟದ್ದು ಪಾಪಾಸುಕಳ್ಳಿ.

ಪಾಪಾಸುಕಳ್ಳಿಯ ತವರು ಅಮೆರಿಕ ಖಂಡ. ಅಲ್ಲಿನ ಮೆಕ್ಸಿಕೋ ದೇಶದಲ್ಲಿ ಆ ಕಳ್ಳಿಯ ಮೇಲೆ ಬಿಳಿ ಹಿಟ್ಟು ಹಚ್ಚಿದ ಹಾಗೆ ಕಾಣುವ ಒಂದು ಸಣ್ಣ ಹುಳು ಬದುಕುತ್ತದೆ. ಹೆಸರು ಕೊಚಿನೀಲ್. ಅದನ್ನು ಹಿಸುಕಿದರೆ ರಕ್ತದಂಥ ಕೆಂಪು ಬಣ್ಣ ಬರುತ್ತದೆ. ಆ ಬಣ್ಣಕ್ಕೆ ಯೂರೋಪಿನಲ್ಲಿ ಬಹಳ ಬೆಲೆ ಇತ್ತು. ವ್ಯಾಪಾರವೆಲ್ಲ ಸ್ಪೇನಿನವರ ಕೈಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಗೆ ಆ ಲಾಭದ ಮೇಲೆ ಕಣ್ಣು ಬಿತ್ತು. ಮದರಾಸಿನಲ್ಲಿ ಜೇಮ್ಸ್ ಆ್ಯಂಡರ್ಸನ್ ಎಂಬ ವೈದ್ಯರು ಕಳ್ಳಿಯ ತೋಟವನ್ನೇ ಮಾಡಿದರು. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತ ಬ್ರೆಜಿಲ್ ದೇಶದ ರಿಯೋ ಡಿ ಜನೈರೋ ಬಂದರಿನಿಂದ ಹುಳುವನ್ನು ಕಲ್ಕತ್ತೆಗೆ ತಂದ. ಆದರೆ ತಂದದ್ದು ಬೇರೆ ಜಾತಿಯ ಹುಳು. ಬಣ್ಣ ಕೀಳಾಯಿತು, ವ್ಯಾಪಾರ ಕೂಡಿಬರಲಿಲ್ಲ. ಹುಳು ಮಾತ್ರ ಒಂದು ಜಾತಿಯ ಕಳ್ಳಿಯನ್ನು ತಿಂದು ಮುಗಿಸುತ್ತಾ ಹೋಯಿತು. ಅದರ ಬಾಯಿಗೆ ಒಗ್ಗದ ಬೇರೆ ಜಾತಿಯ ಕಳ್ಳಿ ಹಾಗೆಯೇ ಉಳಿದು ದಕ್ಷಿಣದ ಒಣಸೀಮೆಯಲ್ಲೆಲ್ಲ ಹಬ್ಬಿತು.

ಜನ ಅದನ್ನು ಬೇಡ ಎನ್ನಲಿಲ್ಲ. ಮುಳ್ಳಿನ ಗಿಡ, ನೀರು ಬೇಡ, ದನ ಮುಟ್ಟುವುದಿಲ್ಲ, ಒಂದು ಎಲೆ ಮುರಿದು ನೆಟ್ಟರೆ ಬೇಲಿ ತಾನಾಗಿ ಬೆಳೆಯುತ್ತದೆ. ಹಿತ್ತಲಿಗೆ, ಹೊಲಕ್ಕೆ, ಊರಿನ ಸುತ್ತಿಗೆ ಇದಕ್ಕಿಂತ ಅಗ್ಗದ ಬೇಲಿ ಎಲ್ಲಿ ಸಿಕ್ಕೀತು? ಬರಗಾಲದಲ್ಲಿ ಅದರ ಕೆಂಪು ಹಣ್ಣು ಹಸಿದವರಿಗೆ ಒದಗಿತು. ಮುಳ್ಳು ಸುಟ್ಟು ದನಕ್ಕೂ ಹಾಕಿ ನೋಡಿದರು. ಆದರೆ ವರ್ಷ ವರ್ಷಕ್ಕೆ ಬೇಲಿ ದಪ್ಪವಾಗುತ್ತಾ ಬಂತು. ಒಂದು ಗಜದ ಬೇಲಿ ನಾಲ್ಕು ಗಜವಾಯಿತು. ಹಕ್ಕಿ ಹಣ್ಣು ತಿಂದು ಬೀಜವನ್ನು ದೂರದೂರಕ್ಕೆ ಹಾಕಿತು. ಗೋಮಾಳ, ಬದು, ಕೆರೆಯ ಅಂಗಳ ಮುಳ್ಳಿನ ಕೋಟೆಯಾದವು. ಹಾವು, ಹಂದಿಗಳಿಗೆ ಅಲ್ಲಿ ಮನೆ ಆಯಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ಪಾಪಾಸುಕಳ್ಳಿ ಅಕ್ಷರಶಃ ಮಾಡಿ ತೋರಿಸಿತು. ಕಡಿದರೆ ಕಡಿದ ತುಂಡೇ ಬೇರು ಬಿಡುತ್ತಿತ್ತು. ಗುದ್ದಲಿ, ಕೊಡಲಿ, ಬೆಂಕಿ ಎಲ್ಲಾ ಸೋತವು.

ಇದು ನಮ್ಮೊಬ್ಬರ ಕಷ್ಟವಲ್ಲ. ಆಸ್ಟ್ರೇಲಿಯಕ್ಕೆ 1788ರಲ್ಲಿ ಅದೇ ಕೆಂಪು ಬಣ್ಣದ ಆಸೆಯಿಂದ ಕಳ್ಳಿ ಹೋಯಿತು. 1920ರ ದಶಕದ ಹೊತ್ತಿಗೆ ಅಲ್ಲಿ ಸುಮಾರು 6 ಕೋಟಿ ಎಕರೆ ನೆಲ ಕಳ್ಳಿಯ ಪಾಲಾಗಿತ್ತು. ರೈತರು ಮನೆ ಮಠ ಬಿಟ್ಟು ಹೊರಟುಹೋದರು. ಕಡೆಗೆ ಅರ್ಜೆಂಟೀನಾದಿಂದ ತಂದ ಒಂದು ಚಿಟ್ಟೆಯ ಹುಳುವನ್ನು 1926ರಿಂದ ಬಿಡತೊಡಗಿದರು. ಕೆಲವೇ ವರ್ಷಗಳಲ್ಲಿ ಅದು ಕಳ್ಳಿಯನ್ನು ಕೊರೆದು ಕೊಳೆಸಿ ನೆಲಸಮ ಮಾಡಿತು. ಕ್ವೀನ್ಸ್‌ಲ್ಯಾಂಡ್ ಪ್ರಾಂತದ ಬೂನಾರ್ಗಾ ಎಂಬ ಊರಿನವರು ಆ ಹುಳುವಿನ ಜ್ಞಾಪಕಾರ್ಥವಾಗಿ 1936ರಲ್ಲಿ ಒಂದು ಸಭಾಮಂದಿರವನ್ನೇ ಕಟ್ಟಿದರು. ಹುಳುವಿಗೆ ಮಂದಿರ ಕಟ್ಟಿದ್ದಾರೆ ಎಂದರೆ ಆ ರೈತರು ಪಟ್ಟ ಪಾಡು ಎಷ್ಟಿರಬೇಕು, ನೀವೇ ಊಹಿಸಿ.

ನಮ್ಮಲ್ಲೂ ಅದೇ 1926ರಲ್ಲಿ ಸಿಂಹಳದಿಂದ ಇನ್ನೊಂದು ಜಾತಿಯ ಕೊಚಿನೀಲ್ ಹುಳುವನ್ನು ದಕ್ಷಿಣ ಭಾರತಕ್ಕೆ ತಂದರು. ಈ ಸಲ ಹುಳುವಿನ ಬಾಯಿಗೂ ಕಳ್ಳಿಯ ಜಾತಿಗೂ ಸರಿಯಾಗಿ ಕೂಡಿಬಂತು. ಐದಾರು ವರ್ಷಗಳಲ್ಲಿ ಮುಳ್ಳಿನ ಕೋಟೆಗಳು ಬೂದು ಬಣ್ಣಕ್ಕೆ ತಿರುಗಿ, ಸೊರಗಿ, ಕುಸಿದುಬಿದ್ದವು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಕೀಟಶಾಸ್ತ್ರಜ್ಞರಾಗಿದ್ದ ಕುಂಞಿ ಕಣ್ಣನ್ ಅವರು, ಕೀಟದಿಂದ ಕಳ್ಳಿಯನ್ನು ಅಡಗಿಸುವ ಈ ಕೆಲಸದ ಬಗ್ಗೆ 1930ರಲ್ಲಿ ಬರೆದು ಪ್ರಕಟಿಸಿದರು. ಒಂದು ಕಳೆಗೆ ಅದನ್ನು ತಿನ್ನುವ ಬಾಯಿಯನ್ನು ಹುಡುಕಿ ತಂದರೆ ಸಾವಿರ ಆಳಿನ ಕೆಲಸ ಆಗುತ್ತದೆ ಎಂಬುದು ಹೀಗೆ ಸಿದ್ಧವಾಯಿತು.

ಕತೆ ಇಲ್ಲಿಗೆ ಮುಗಿದಿದ್ದರೆ ಸಂತೋಷವಾಗುತ್ತಿತ್ತು. ಆದರೆ ಕಳ್ಳಿ ಸತ್ತ ಜಾಗ ಖಾಲಿ ಬಿತ್ತಲ್ಲ, ಆ ಜಾಗಕ್ಕೆ ಯಾರು ಬಂದರು? ನಾವು ಅಲ್ಲಿ ಹೊಂಗೆ ಹಾಕಲಿಲ್ಲ, ಕತ್ತಾಳೆ ಹಾಕಲಿಲ್ಲ, ಮೇವಿನ ಹುಲ್ಲು ಬಿತ್ತಲಿಲ್ಲ. ಬಿಟ್ಟಲ್ಲಿ ಬಿಟ್ಟ ಹಾಗೆ ಬಿಟ್ಟೆವು. ಬೇರೆ ಗಿಡಗಳು ಬಾಗಿಲಲ್ಲಿ ಕಾದು ನಿಂತಿದ್ದವು. ಒಂದು ಲಾಂಟಾನ; ಇದನ್ನು ಹೂವಿನ ಚೆಂದಕ್ಕೆ 19ನೆಯ ಶತಮಾನದ ಮೊದಲಲ್ಲಿ ಕಲ್ಕತ್ತೆಯ ಸಸ್ಯತೋಟಕ್ಕೆ ತಂದರು; ಬಳಿಕ ಅದು ಬೇಲಿ ಹಾರಿ ಕಾಡು ಸೇರಿತು. ಇನ್ನೊಂದು ನಾವು ಬಳ್ಳಾರಿ ಜಾಲಿ ಅನ್ನುವ ಸೀಮೆಜಾಲಿ. ಧಾತು, ಈಶ್ವರ ಸಂವತ್ಸರಗಳ ಮಹಾ ಬರದ ಹೊತ್ತಿನಲ್ಲಿ, 1877ರಲ್ಲಿ, ಜಮೈಕಾ ದ್ವೀಪದಿಂದ ತರಿಸಿದ ಬೀಜವನ್ನು ಕಡಪ ಸೀಮೆಯಲ್ಲಿ ಬಿತ್ತಿದರು. ಒಣ ಸೀಮೆಗೆ ಸೌದೆ ಆಗಲಿ, ಬೋಳು ನೆಲ ಹಸುರಾಗಲಿ ಎಂಬ ಒಳ್ಳೆಯ ಉದ್ದೇಶವೇ ಅದಕ್ಕಿತ್ತು.

ಜಾಲಿಯ ಕತೆಯಲ್ಲಿ ಒಂದು ವಿಚಿತ್ರ ಇದೆ. ಇದರ ಎಲೆಯನ್ನು ದನ ತಿನ್ನುವುದಿಲ್ಲ, ಕಾಯಿಯನ್ನು ಮಾತ್ರ ಕುರಿ ಮೇಕೆ ಆಸೆಪಟ್ಟು ತಿನ್ನುತ್ತವೆ. ಬೀಜ ಗಟ್ಟಿ, ಹೊಟ್ಟೆಯಲ್ಲಿ ಕರಗುವುದಿಲ್ಲ. ಹಿಕ್ಕೆಯ ಜೊತೆ ಹೊರಬಿದ್ದು ಮೊದಲಿಗಿಂತ ಸಲೀಸಾಗಿ ಮೊಳೆಯುತ್ತದೆ. ನಮ್ಮ ಕಡೆ ಹೊಲದಲ್ಲಿ ಕುರಿ ಮಂದೆ ನಿಲ್ಲಿಸುವುದು ಹಳೆಯ ಪದ್ಧತಿ, ಒಳ್ಳೆಯ ಪದ್ಧತಿ. ಆದರೆ ಮಂದೆ ನಿಲ್ಲಿಸಿದ ಹೊಲದಲ್ಲಿ ಮರುಮಳೆಗೆ ಜಾಲಿಯ ಸಸಿ ಸಾಲಾಗಿ ಏಳುವುದೂ ಉಂಟು. ತಿನ್ನುವ ಬಾಯಿಯೇ ಇಲ್ಲಿ ಬಿತ್ತುವ ಕೂರಿಗೆ ಆಯಿತು. ಗೋಮಾಳಗಳಲ್ಲಿ, ಕೆರೆಯಂಗಳಗಳಲ್ಲಿ ಈಗ ನಿಂತಿರುವ ಜಾಲಿಯ ಮೆಳೆ ಹೀಗೆ ಹುಟ್ಟಿದ್ದು. ಸೌದೆಗೆ, ಇದ್ದಲಿಗೆ ಅದರಿಂದ ಉಪಯೋಗ ಉಂಟು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಎರಡೆಲೆಯ ಸಸಿಯನ್ನು ಮಗು ಕೂಡ ಕೀಳಬಹುದು. ಮೂರು ವರ್ಷದ ಗಿಡಕ್ಕೆ ಜೆಸಿಬಿ ಯಂತ್ರ ಕರೆಸಬೇಕಾಗುತ್ತದೆ.

ಹಿರಿಯೂರಿನ ಕಡೆಯವರಿಗೆ ಇನ್ನೊಂದು ಅಧ್ಯಾಯ ಇದೆ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಕಟ್ಟೆಯ ಕೆಲಸ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ಅದೇ ನಮ್ಮ ವಾಣಿವಿಲಾಸ ಸಾಗರ. 1933ರಲ್ಲಿ ಕೋಡಿ ಬಿದ್ದ ಆ ಕೆರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅಂದರೆ 89 ವರ್ಷದ ಮೇಲೆ. ಕಾಲುವೆಯ ನೀರು ಬಂದಾಗ ಭತ್ತ, ಕಬ್ಬು, ತೆಂಗು ಬಂದವು. ಅವುಗಳ ಬೆನ್ನಿಗೇ ತೇವ ಬೇಡುವ ಕಳೆಗಳೂ ಬಲಿತವು. ಅದರಲ್ಲಿ ಜೇಕು ಹೆಣ್ಣುಮಕ್ಕಳನ್ನು ಅಳಿಸುವ ಕಳೆ. ಮೇಲಿನ ಹುಲ್ಲು ಕಿತ್ತರೆ ಕೆಳಗಿನ ಗೆಡ್ಡೆ ಹಾಗೇ ಇರುತ್ತದೆ. ಗೆಡ್ಡೆಗೆ ಗೆಡ್ಡೆ ಸರಪಳಿಯಂತೆ ಕೂಡಿಕೊಂಡು ಮಣ್ಣಿನ ಒಳಗೇ ಹಬ್ಬುತ್ತದೆ. ಬಚ್ಚಲ ನೀರು ಹರಿಯುವ ಹಿತ್ತಲಲ್ಲಿ ಅದು ಬೇರೂರಿತೆಂದರೆ ಬರೀ ಕೈಯಿಂದ ಕೀಳುವುದು ವ್ಯರ್ಥ. ಇದಕ್ಕೆ ಉಪಾಯ ಬೇಸಿಗೆಯಲ್ಲಿದೆ, ಮುಂದೆ ಹೇಳುತ್ತೇನೆ.

ಈಗ ನಮ್ಮ ಕಾಲದ ದೊಡ್ಡ ಶತ್ರುವಿಗೆ ಬರೋಣ. ಪಾರ್ಥೇನಿಯಂ, ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. ಇದರ ತವರೂ ಅಮೆರಿಕ ಖಂಡವೇ. ನಮ್ಮ ದೇಶದಲ್ಲಿ ಇದು ಒಂದು ಪಿಡುಗು ಎಂದು 1955ರಲ್ಲಿ ಪುಣೆಯಲ್ಲಿ ಮೊದಲು ಗುರುತಿಸಿದರು. ಪಿ.ಎಲ್. 480 ಒಪ್ಪಂದದ ಗೋಧಿಯ ಜೊತೆ ಬಂತು ಎಂದು ಎಲ್ಲರೂ ಹೇಳುವುದುಂಟು. ಆದರೆ ಆ ಒಪ್ಪಂದಕ್ಕೆ ಭಾರತ ಸಹಿ ಹಾಕಿದ್ದು 1956ರ ಆಗಸ್ಟಿನಲ್ಲಿ. ಕಳೆ ಕಂಡದ್ದು ಅದಕ್ಕೂ ಒಂದು ವರ್ಷ ಮೊದಲು. 1951ರಲ್ಲಿಯೂ ಅಮೆರಿಕದ ಗೋಧಿ ಬಂದಿತ್ತೆಂಬುದು ನಿಜ. ಹೇಗೇ ಬಂದಿರಲಿ, ಮುಂದಿನ 20 ವರ್ಷಗಳಲ್ಲಿ ಅದು ಲಾರಿ, ರೈಲು, ಮರಳು, ಗೊಬ್ಬರ, ಬಿತ್ತನೆ ಬೀಜ, ಸಂತೆಯ ದನದ ಗೊರಸು ಇವುಗಳ ಜೊತೆ ಕರ್ನಾಟಕವನ್ನು ಹಿಡಿಯಿತು. 1968ರ ಕರ್ನಾಟಕ ಕೃಷಿ ಪೀಡೆ ಮತ್ತು ರೋಗಗಳ ಅಧಿನಿಯಮದ ಮೇರೆಗೆ ಸರಕಾರ 1975ರಲ್ಲಿ ಇದನ್ನು ಅಪಾಯಕಾರಿ ಕಳೆ ಎಂದು ಸಾರಿತು. ಕಾನೂನು ಬಂತು, ಗಿಡ ಹೋಗಲಿಲ್ಲ. ಕಾಗದಕ್ಕೆ ಕಳೆ ಹೆದರುವುದಿಲ್ಲ.

ಅದು ಇಷ್ಟು ಬಲಿಯಲು ಕಾರಣವೇನು? ಒಂದು ಗಿಡ 15 ಸಾವಿರಕ್ಕೂ ಮೇಲ್ಪಟ್ಟು ಬೀಜ ಬಿಡಬಲ್ಲದು. ಮೊಳೆತ ಒಂದೂವರೆ ತಿಂಗಳೊಳಗೆ ಹೂ ಬಿಡುತ್ತದೆ. ತೇವ ಸಿಕ್ಕಿದಾಗಲೆಲ್ಲ ಹುಟ್ಟುತ್ತದೆ. ಬಿದ್ದ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. ದನ ತಿನ್ನುವುದಿಲ್ಲ, ತಿಂದರೆ ಹಾಲು ಕಹಿಯಾಗುತ್ತದೆ. ಕಿತ್ತವರ ಕೈಯಲ್ಲಿ ನವೆ, ಗಂದೆ. ಕೆಲವರಿಗೆ ಮುಖ ಕತ್ತಿನ ಚರ್ಮವೇ ದಪ್ಪಗಾಗಿ ಕಪ್ಪಾಗುತ್ತದೆ. ಅದರ ಹೂವಿನ ಧೂಳಿನಿಂದ ಉಬ್ಬಸ. ಅಂದರೆ ಹಳೆಯ ಕಳೆಗೆ ಇದ್ದ ಬಾಯಿ ಇದಕ್ಕೆ ಒಂದೂ ಇಲ್ಲ. ಕಿತ್ತ ಕೈಗೆ ಸಾರಿನ ಸೊಪ್ಪೂ ಸಿಗುವುದಿಲ್ಲ, ನವೆ ಮಾತ್ರ ಸಿಗುತ್ತದೆ. ಹಿತ್ತಲ ಕೆಲಸ ಹಿಂದಿನವರಿಗಿಂತ ನಮ್ಮ ತಾಯಂದಿರಿಗೆ ಭಾರವಾದದ್ದು ಇದಕ್ಕೇ.

"ಹಿತ್ತಲಲ್ಲಿ ನಾಲ್ಕು ಗಿಡ ಇದ್ದರೆ ಏನು ಮಹಾ ನಷ್ಟ, ಹೊಲದಲ್ಲಿ ಇಲ್ಲವಲ್ಲ" ಎಂದು ಕೆಲವರು ಕೇಳುತ್ತಾರೆ. ಅದಕ್ಕೆ ನಮ್ಮ ಜಿಲ್ಲೆಗೆ ಹೊಂದಿಕೊಂಡಿರುವ ಅನಂತಪುರದ ಕತೆಯನ್ನು ಹೇಳಬೇಕು. 2000ನೆಯ ಇಸವಿಯ ಮುಂಗಾರಿನಲ್ಲಿ ಅಲ್ಲಿ ಕಡಲೆಕಾಯಿ ಗಿಡಗಳ ಕುಡಿ ಒಣಗಿ, ಕಾಂಡ ಕಪ್ಪಾಗಿ ಸಾಯತೊಡಗಿದವು. ಸುಮಾರು 2 ಲಕ್ಷ 25 ಸಾವಿರ ಹೆಕ್ಟೇರು ಬೆಳೆಗೆ ಪೆಟ್ಟು ಬಿತ್ತು. ನಷ್ಟ 300 ಕೋಟಿ ರೂಪಾಯಿ ಮೀರಿತೆಂದು ಅಂದಾಜು ಮಾಡಿದರು. ವಿಜ್ಞಾನಿಗಳು ಹುಡುಕುತ್ತಾ ಹೋದಾಗ ರೋಗಾಣುವಿನ ಮನೆ ಸಿಕ್ಕಿದ್ದು ಪಾರ್ಥೇನಿಯಂ ಗಿಡದಲ್ಲಿ. ಗಿಡ ನೋಡಲು ಆರೋಗ್ಯವಾಗಿಯೇ ಇರುತ್ತದೆ, ರೋಗದ ಗುರುತೇ ಇಲ್ಲ. ಆದರೆ ಅದರ ಹೂವಿನ ಪರಾಗದಲ್ಲಿ ನಂಜಾಣು ಇರುತ್ತದೆ. ಥ್ರಿಪ್ಸ್ ಎಂಬ ಸಣ್ಣ ಕೀಟ ಆ ಪರಾಗವನ್ನು ಹೊತ್ತುಕೊಂಡು ಕಡಲೆಕಾಯಿ ಎಲೆಯ ಮೇಲೆ ಕೂತು ಕೆರೆದಾಗ, ಆ ಗಾಯದ ಮೂಲಕ ನಂಜು ಒಳಗೆ ಇಳಿಯುತ್ತದೆ. ಅದೇ ನಂಜು 1997ರಲ್ಲಿ ನಮ್ಮ ಬಾಗೇಪಲ್ಲಿಯ ಕಡೆ ಸೂರ್ಯಕಾಂತಿ ಬೆಳೆಯನ್ನು ಹಾಳುಮಾಡಿತ್ತು. ಅಂದ ಮೇಲೆ ಬದುವಿನ ಮೇಲಿನ, ತಿಪ್ಪೆಯ ಪಕ್ಕದ, ರಸ್ತೆ ಬದಿಯ ಗಿಡ ಬರೀ ಅಸಹ್ಯವಲ್ಲ. ಅದು ಪಕ್ಕದವರ ಹೊಲಕ್ಕೂ ಬೆಂಕಿ. ಕಡಲೆಕಾಯಿ, ಸೂರ್ಯಕಾಂತಿ ನಂಬಿದ ಚಿತ್ರದುರ್ಗ, ಹಿರಿಯೂರಿನ ರೈತರು ಇದನ್ನು ಮರೆಯಬಾರದು. ಬಿತ್ತುವುದಕ್ಕೆ ಮೊದಲೇ ಬದುಗಳನ್ನು ಚೊಕ್ಕಟ ಮಾಡುವುದು, ಹೊಲದ ಸುತ್ತ ಕೆಲವು ಸಾಲು ಜೋಳವನ್ನೋ ಸಜ್ಜೆಯನ್ನೋ ತಡೆಯಾಗಿ ಹಾಕುವುದು ಈ ರೋಗಕ್ಕೆ ಹೇಳಿರುವ ಉಪಾಯಗಳು.

ಕಳ್ಳಿಗೆ ಬಾಯಿ ಹುಡುಕಿದ ಹಾಗೆ ಪಾರ್ಥೇನಿಯಂಗೂ ಹುಡುಕಿದರು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಮೆಕ್ಸಿಕೋದಿಂದ ಒಂದು ದುಂಬಿಯನ್ನು ತರಿಸಿ, ಪರೀಕ್ಷೆ ಮಾಡಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಬಿಳಿಯ ಬೆನ್ನಿನ ಮೇಲೆ ಕಪ್ಪು ಗೆರೆಯ ಸಣ್ಣ ದುಂಬಿ. ಮಳೆಗಾಲದಲ್ಲಿ ಪಾರ್ಥೇನಿಯಂ ಎಲೆ ಜರಡಿಯಾಗಿರುವ ಕಡೆ ನೋಡಿದರೆ ಕಾಣುತ್ತದೆ. 1990ರ ದಶಕದ ಮೊದಲಲ್ಲಿ ಇದು ಸೂರ್ಯಕಾಂತಿಯನ್ನೂ ತಿನ್ನುತ್ತದೆ ಎಂಬ ಗುಲ್ಲೆದ್ದು ದೊಡ್ಡ ಚರ್ಚೆಯಾಯಿತು. ಪರಿಶೀಲಿಸಿದ ಮೇಲೆ ಬೆಳೆಗೆ ಗಾಬರಿಪಡುವಂಥ ಅಪಾಯವಿಲ್ಲ ಎಂದು ತಿಳಿಯಿತು. ಆದರೆ ಕಳ್ಳಿಯ ಹುಳು ಮಾಡಿದ ಕೆಲಸವನ್ನು ಈ ದುಂಬಿ ಪೂರ್ತಿ ಮಾಡಲಾರದು. ಮಳೆ ನಿಂತು ಒಣಹವೆ ಬಂದರೆ ಅದು ಮಣ್ಣಿನೊಳಗೆ ಸೇರಿ ಮಲಗುತ್ತದೆ. ನಮ್ಮದು ಮಳೆ ಕಡಿಮೆಯ ಸೀಮೆ. ದುಂಬಿ ಮಲಗಿದ ಮೇಲೂ ಬಚ್ಚಲ ನೀರಿನಲ್ಲಿ, ಕೊಳವೆಬಾವಿಯ ತೋಟದಲ್ಲಿ ಗಿಡ ಎದ್ದೇ ಇರುತ್ತದೆ.

ಇನ್ನೊಂದು ದಾರಿ ನೆಲ ತುಂಬುವ ದಾರಿ. ಪಾರ್ಥೇನಿಯಂ ಕುರಿತು ಬಹಳ ವರ್ಷ ಕೆಲಸ ಮಾಡಿದ ಕೃಷಿ ವಿಜ್ಞಾನಿ ಡಾ. ಎಂ. ಮಹದೇವಪ್ಪನವರು ಮತ್ತು ಧಾರವಾಡದ ಕಡೆಯ ಅವರ ಜೊತೆಗಾರರು ಒಂದು ಸಂಗತಿಯನ್ನು ತೋರಿಸಿಕೊಟ್ಟರು. ತಗಚೆಯ ಜಾತಿಗೆ ಸೇರಿದ ಒಂದು ಗಿಡ ದಟ್ಟವಾಗಿ ಬೆಳೆದ ಕಡೆ ಪಾರ್ಥೇನಿಯಂ ತಾನಾಗಿ ಹಿಂದೆ ಸರಿಯುತ್ತದೆ. ಮಳೆಗೆ ಮೊದಲು ಹುಟ್ಟಿ, ನೆರಳು ಹಾಕಿ, ನೆಲವನ್ನು ತಾನೇ ಹಿಡಿಯುವುದರಿಂದ ಅದಕ್ಕೆ ಜಾಗ ಸಿಗುವುದಿಲ್ಲ. ರಸ್ತೆ ಬದಿ, ಪಾಳುನೆಲಕ್ಕೆ ಇದು ಸರಿ; ಅದೂ ಹೊರಗಿನಿಂದ ಬಂದ ಗಿಡವೇ, ದನ ಮೇಯುವ ಕಡೆಗೂ ಹೊಲಕ್ಕೂ ತರುವುದು ಬೇಡ. ಆದರೆ ಅದು ಕಲಿಸುವ ಪಾಠ ಹಿತ್ತಲಿಗೂ ಒಪ್ಪುತ್ತದೆ. ಅಕ್ಕಡಿ ಸಾಲಿನವರು ತಿಳಿದಿದ್ದ ಪಾಠವೇ ಅದು.

ಹೀಗೆ 200 ವರ್ಷದ ಕತೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಕಳ್ಳಿ ಹೋದಲ್ಲಿ ಲಾಂಟಾನ ಬಂತು, ಜಾಲಿ ಬಂತು, ಪಾರ್ಥೇನಿಯಂ ಬಂತು. ಕೀಳುವುದು ಅರ್ಧ ಕೆಲಸ. ಕಿತ್ತ ಜಾಗವನ್ನು ತುಂಬುವುದು ಉಳಿದ ಅರ್ಧ. ನಾವು ಮೊದಲ ಅರ್ಧವನ್ನೇ ಮತ್ತೆ ಮತ್ತೆ ಮಾಡುತ್ತಿರುವುದರಿಂದ ಕೆಲಸ ಮುಗಿಯುತ್ತಿಲ್ಲ.

ಆದುದರಿಂದ ಹಿತ್ತಲ ಕೆಲಸವನ್ನು ಹೀಗೆ ಕ್ರಮ ಮಾಡಿಕೊಳ್ಳಬಹುದು.

ಬೇಸಿಗೆಯಲ್ಲಿ, ಭರಣಿ ಮಳೆಗೆ ಮೊದಲು, ಜೇಕು ಇರುವ ಹಿತ್ತಲಿಗೆ ಬಚ್ಚಲ ನೀರು ಹರಿಯುವುದನ್ನು ತಪ್ಪಿಸಿ. ಒಂದು ಗೇಣು ಆಳ ಅಗೆದು ಗೆಡ್ಡೆಗಳನ್ನು ಬಿಸಿಲಿಗೆ ಹಾಕಿ ಒಣಗಿಸಿ, ಆರಿಸಿ ತೆಗೆಯಿರಿ. ಒಂದೇ ವರ್ಷಕ್ಕೆ ಹೋಗುವುದಿಲ್ಲ. ಎರಡು ಮೂರು ಬೇಸಿಗೆ ಬಿಡದೆ ಮಾಡಿದರೆ ಬಲ ಕುಗ್ಗುತ್ತದೆ.

ಮೊದಲ ಮಳೆ ಬಿದ್ದು 15–20 ದಿನಕ್ಕೆ ಕಳೆ ಬೆರಳುದ್ದ ಇರುತ್ತದೆ. ಆಗ ಒಂದು ಗಂಟೆಯ ಕೆಲಸ, ತಿಂಗಳು ಬಿಟ್ಟರೆ ಒಂದು ದಿನದ ಕೆಲಸ, ಹೂ ಬಿಟ್ಟ ಮೇಲೆ ಹಲವು ವರ್ಷದ ಕೆಲಸ. ನೆಲ ಒದ್ದೆ ಇರುವಾಗ ಬೇರು ಸಹಿತ ಕೀಳಬೇಕು. ಕೈಗೆ ಚೀಲವನ್ನೋ ಕೈಗವಸನ್ನೋ ಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಮೈಗೆ ಒಗ್ಗದವರು ಈ ಕೆಲಸಕ್ಕೆ ಇಳಿಯಲೇಬಾರದು.

ಕಿತ್ತ ದಿನವೇ ಜಾಗ ತುಂಬಿ. ಬೇಲಿಯ ಮಗ್ಗುಲಿಗೆ ಅವರೆ, ಹೀರೆ, ಪಡವಲ. ತಿಪ್ಪೆಯ ಪಕ್ಕಕ್ಕೆ ಕುಂಬಳ, ಸೋರೆ. ಬಚ್ಚಲ ನೀರಿಗೆ ಬಾಳೆ, ಕೆಸು, ನುಗ್ಗೆ. ಬಯಲು ಜಾಗಕ್ಕೆ ಹುರುಳಿ, ಅಲಸಂದೆ. ಹೊಳಲ್ಕೆರೆ, ಹೊಸದುರ್ಗದ ತೆಂಗು ಅಡಿಕೆ ತೋಟದವರು ಮರಗಳ ನಡುವೆ ಅಲಸಂದೆ, ಸೆಣಬು ಬಿತ್ತಿ, ತೆಂಗಿನ ಗರಿ ಸಿಪ್ಪೆಗಳನ್ನು ಬುಡಕ್ಕೆ ಮುಚ್ಚಿಗೆಯಾಗಿ ಹಾಕಿದರೆ ಕಳೆಯೂ ಕಡಿಮೆ, ತೇವವೂ ಉಳಿಯುತ್ತದೆ. ಬೇಲಿಗೆ ಹೊಸದಾಗಿ ಏನಾದರೂ ನೆಡುವಾಗ ಕಳ್ಳಿಯ ಕತೆಯನ್ನು ಜ್ಞಾಪಿಸಿಕೊಳ್ಳಿ. ಗೊಬ್ಬರದ ಗಿಡ ಹಾಕಿದರೆ ಬೇಲಿಯೂ ಆಯಿತು, ಸೊಪ್ಪೂ ಆಯಿತು.

ಹೂ ಬಿಡದ ಪಾರ್ಥೇನಿಯಂ ಗೊಬ್ಬರದ ಗುಂಡಿಗೆ ಹೋಗಬಹುದು. ಸಗಣಿಯ ಬಗ್ಗಡ ಹಾಕಿ ಮುಚ್ಚಿದರೆ ಕೊಳೆತು ಒಳ್ಳೆಯ ಗೊಬ್ಬರ ಆಗುತ್ತದೆ. ಹೂ ಬಿಟ್ಟದ್ದನ್ನು ತಿಪ್ಪೆಗೆ ಎಸೆಯಬೇಡಿ. ಎಸೆದರೆ ಗೊಬ್ಬರದ ಗಾಡಿಯಲ್ಲಿ ಕಳೆಯ ಬೀಜವನ್ನೇ ಹೊಲಕ್ಕೆ ಹೊತ್ತ ಹಾಗೆ. ಪಾಳು ಬಿದ್ದ ರಸ್ತೆ ಬದಿಗೆ ಲೀಟರು ನೀರಿಗೆ 150ರಿಂದ 200 ಗ್ರಾಂ ಅಡುಗೆ ಉಪ್ಪು ಕರಗಿಸಿ ಸಿಂಪಡಿಸುವುದುಂಟು. ಹಿತ್ತಲಿಗೂ ಹೊಲಕ್ಕೂ ಅದು ಬೇಡ, ನೆಲ ಚೌಳಾಗುತ್ತದೆ. ಕಳೆ ಔಷಧಿಯನ್ನು ಬಾವಿ, ಕೊಟ್ಟಿಗೆ, ಸೊಪ್ಪಿನ ಮಡಿ ಇರುವ ಕಡೆ ಹೊಡೆಯಬಾರದು. ಹೊಲಕ್ಕೆ ಬೇಕೇ ಬೇಕೆಂದರೆ ರೈತ ಸಂಪರ್ಕ ಕೇಂದ್ರದಲ್ಲಿ ಇಲ್ಲವೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಬೆಳೆಯನ್ನು ಹೇಳಿ ಕೇಳಿಕೊಂಡೇ ಕೊಳ್ಳಿರಿ.

ಕೊನೆಯದಾಗಿ ಎರಡು ಮಾತು. ಒಂದು, ಗಾಳಿಗೆ ಹಾರುವ ಬೀಜಕ್ಕೆ ನಿಮ್ಮ ಬೇಲಿ, ನನ್ನ ಬೇಲಿ ಎಂಬ ಭೇದ ಇಲ್ಲ. ಒಬ್ಬರು ಕಿತ್ತು ಪಕ್ಕದವರು ಬಿಟ್ಟರೆ ಕಿತ್ತವರ ಬೆವರು ದಂಡ. ಪ್ರತಿವರ್ಷ ಆಗಸ್ಟ್ 16ರಿಂದ 22ರವರೆಗೆ ದೇಶದಲ್ಲೆಲ್ಲ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ನಮ್ಮ ಲೆಕ್ಕದಲ್ಲಿ ಅದು ಮಘೆ ಮಳೆಯ ಹೊತ್ತು, ಗಿಡ ಸುಲಭವಾಗಿ ಕೀಳಲು ಬರುವ ಕಾಲ. ಆ ವಾರದಲ್ಲಿ ಒಂದು ದಿನ ಊರೆಲ್ಲ ಸೇರಿ ಶಾಲೆಯ ಅಂಗಳ, ಗುಡಿಯ ಸುತ್ತು, ಕೆರೆ ಏರಿ, ಊರಿನ ರಸ್ತೆ ಚೊಕ್ಕಟ ಮಾಡುವುದು ಕಷ್ಟವಲ್ಲ. ಎರಡು, ಹಿತ್ತಲು ಹೆಂಗಸರದು, ಹೊಲ ಗಂಡಸರದು ಎಂದು ಹಂಚಿಕೊಂಡಿರುವ ಪದ್ಧತಿಯನ್ನು ಕಳೆ ಒಪ್ಪಿಲ್ಲ. ಹಿತ್ತಲಲ್ಲಿ ಬೀಜವಾದದ್ದೇ ಗೊಬ್ಬರದ ಜೊತೆ ಹೊಲಕ್ಕೆ ಹೋಗುತ್ತದೆ; ಬದುವಿನಲ್ಲಿ ಬೀಜವಾದದ್ದೇ ದನದ ಕಾಲಿನ ಜೊತೆ ಮನೆಗೆ ಬರುತ್ತದೆ. ಹಾಗಿದ್ದ ಮೇಲೆ ಕೆಲಸವೂ ಇಬ್ಬರದಾಗಬೇಕು. ದಿನಕ್ಕೆ ಕಾಲು ಗಂಟೆ ಗಂಡಸರೂ ಹಿತ್ತಲಲ್ಲಿ ಬಗ್ಗಿದರೆ ಮನೆಯ ತಾಯಿಗೆ ವರ್ಷದಲ್ಲಿ ಎಷ್ಟೋ ದಿನ ಉಳಿಯುತ್ತದೆ.

ಪಾಪಾಸುಕಳ್ಳಿಯ ಕೋಟೆ ಬಿದ್ದಾಗ ನಮ್ಮ ಅಜ್ಜ ಮುತ್ತಜ್ಜಂದಿರು ಹುಳುವಿಗೆ ಕೈ ಮುಗಿದಿರಬಹುದು. ಪಾರ್ಥೇನಿಯಂಗೆ ಅಂಥ ಹುಳು ಪೂರ್ತಿಯಾಗಿ ಒದಗಿಲ್ಲ. ಅಲ್ಲಿಯತನಕ ನಮ್ಮ ಕೈಯೇ ಅದಕ್ಕೆ ಬಾಯಿ, ನಮ್ಮ ಅವರೆ ಬಳ್ಳಿಯೇ ಅದಕ್ಕೆ ಕೋಟೆ. ಹೂ ಬಿಡುವ ಮೊದಲೇ ಕೀಳಿ, ಕಿತ್ತ ಜಾಗಕ್ಕೆ ಆ ದಿನವೇ ಒಂದು ಬೀಜ ಊರಿ.